ಗದ್ದವಸ್ತ್ರ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ಮಂಗಳಾಚರಣೆ ಆಗಬೇಕು. ಈ ಶಾಸ್ತ್ರದ ಮಂಗಳಾಚರಣೆಯನ್ನು 2020ರ ಮಾರ್ಚಿನಲ್ಲೇ ಫೋನ್ ಕಂಪನಿಗಳವರು ನೆರವೇರಿಸಿದ್ದಾರೆ. ಯಾರಿಗೆ ಫೋನ್ ಹಚ್ಚಿದರೂ ಮೊದಲು ಒಂದು ಕೆಮ್ಮು ಕೇಳುತ್ತಿತ್ತು, ಆಮೇಲೆ ಉಪದೇಶ. ಕೆಮ್ಮಿನಿಂದ ಆರಂಭವಾಗುವ ಶಾಸ್ತ್ರ ಲೋಕದಲ್ಲಿ ಇದೊಂದೇ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರೆಂದರೆ ಸದ್ಯಕ್ಕೆ ನಾವೇ.

ಮಂಗಳವಾದ ಮೇಲೆ ಅನುಬಂಧ ಚತುಷ್ಟಯ. ವಿಷಯ: ಕೊರೊನಾ ಕಾಲದಲ್ಲಿ ಕನ್ನಡ ನಾಡಿನ ಜನ ನಿಯಮ ಮುರಿದರೆಂಬ ಅಪವಾದದ ಪರಿಶೀಲನೆ. ಪ್ರಯೋಜನ: ಗ್ರಂಥಕರ್ತರ ರಕ್ತದೊತ್ತಡದ ಉಪಶಮನ. ಅಧಿಕಾರಿ, ಅಂದರೆ ಓದಲು ಅರ್ಹನಾದವನು: ಕ್ಯೂನಲ್ಲಿ ನಿಂತಿದ್ದಾಗ ಹಿಂದಿನವರ ಬಿಸಿಯುಸಿರು ಕುತ್ತಿಗೆಗೆ ತಾಗಿದ ಅನುಭವವುಳ್ಳವನು. ಸಂಬಂಧ: ಆ ಹಿಂದಿನವರಿಗೂ ನಮಗೂ ಯಾವ ಸಂಬಂಧವೂ ಇಲ್ಲ. ಆದರೂ ಅಷ್ಟು ಹತ್ತಿರ ನಿಂತಿದ್ದರು.

ಈಗ ಪ್ರತಿಜ್ಞೆ. ನಮ್ಮ ಜನ ಒಂದು ನಿಯಮವನ್ನೂ ಮುರಿದಿಲ್ಲ, ವ್ಯಾಖ್ಯಾನಿಸಿದ್ದಾರೆ ಅಷ್ಟೆ. ಈ ಭೇದ ಸೂಕ್ಷ್ಮವಾದದ್ದು, ಪಾಶ್ಚಾತ್ಯರಿಗೆ ಸುಲಭಕ್ಕೆ ಎಟುಕುವಂಥದ್ದಲ್ಲ. ಇನ್‌ಫ್ಲುಯೆಂಜಾ ಹಾವಳಿಯ ಕಾಲಕ್ಕೆ, 1919ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಮಂದಿ ಮಾಸ್ಕ್ ಬೇಡವೆನ್ನಲು ಒಂದು ಸಂಘವನ್ನೇ ಕಟ್ಟಿ, ಸಭೆ ಸೇರಿ ಕೂಗಾಡಿದರು. ಎಂಥ ಒರಟುತನ! ನಮ್ಮಲ್ಲಿ ಯಾರಾದರೂ ಮಾಸ್ಕ್ ಬೇಡವೆಂದು ಸಂಘ ಕಟ್ಟಿದ್ದುಂಟೆ? "ಬೇಕೇ ಬೇಕು ಸಾರ್, ಜನ ಅರ್ಥಾನೇ ಮಾಡ್ಕೊಳಲ್ಲ" ಎಂದು ಎಲ್ಲರೂ ಒಪ್ಪಿದರು. ಒಪ್ಪುವಾಗ ಬಾಯಾಡಿಸಲು ಅನುಕೂಲವಾಗಲೆಂದು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಿದ್ದರು. ಅವರದು ಖಂಡನೆ, ನಮ್ಮದು ಭಾಷ್ಯ.

ಭಾಷ್ಯಕ್ಕೆ ವ್ಯಾಕರಣ ಬೇಕಲ್ಲ. ಮುಖಕ್ಕೂ ಮಾಸ್ಕಿಗೂ ಆಗುವ ಸಂಧಿಕಾರ್ಯವನ್ನು ನಾವು ಬಸ್‌ಸ್ಟ್ಯಾಂಡು, ದರ್ಶಿನಿ, ದಿನಸಿ ಅಂಗಡಿಗಳಲ್ಲಿ ನಿಂತು ಗಮನಿಸಿದ್ದೇವೆ. ಮನೆ ಬಿಡುವಾಗ ಕಿವಿಯಲ್ಲಿದ್ದ ಮಾಸ್ಕ್ ಬೀದಿ ತಿರುಗುವಷ್ಟರಲ್ಲಿ ಜೇಬು ಸೇರಿದರೆ ಲೋಪ. ಏನೂ ಇಲ್ಲದ ಮುಖದ ಮೇಲೆ, ದೂರದಲ್ಲಿ ಮಾಸ್ಕ್ ಇಲ್ಲದವರಿಗೆ ದಂಡ ಹಾಕುವ ಮಾರ್ಷಲ್‌ನ ಸಮವಸ್ತ್ರ ಕಂಡ ಕೂಡಲೇ ಹೊಸದಾಗಿ ಮಾಸ್ಕ್ ಬಂದು ಕೂತರೆ ಆಗಮ. ಕ-ತ-ಪಗಳ ಜಾಗಕ್ಕೆ ಗ-ದ-ಬಗಳು ಬರುವ ಹಾಗೆ ಮಾಸ್ಕಿನ ಜಾಗಕ್ಕೆ ಕರ್ಚೀಫು, ಟವೆಲು, ಸೆರಗಿನ ಚುಂಗು, ಕೊನೆಗೆ ಬರಿಯ ಅಂಗೈ ಬಂದರೆ ಆದೇಶ. ಇವು ಮೂರನ್ನೂ ಮೀರಿದವರು ಕೆಲವರಿದ್ದರು. ಮೊದಲ ದಿನದಿಂದ ಕೊನೆಯವರೆಗೆ ಯಾರು ಎದುರು ಬಂದರೂ ಅವರ ಮುಖದಲ್ಲಿ ಯಾವ ವಿಕಾರವೂ ಆಗಲಿಲ್ಲ. ವೈಯಾಕರಣರು ಇದನ್ನು ಪ್ರಕೃತಿಭಾವವೆನ್ನುತ್ತಾರೆ. ಈ ವರ್ಗದಲ್ಲಿ ಹೆಚ್ಚಿನವರು ಹಿರಿಯರು, ಗೌರವಾನ್ವಿತರು, ಮತ್ತು ಯಾರದೋ ಮಾವನವರು.

ಅಪವಾದ ಸೂತ್ರ ಒಂದಿದೆ: ಸೀನು ಬಂದಾಗ ಮಾಸ್ಕ್ ತೆಗೆಯತಕ್ಕದ್ದು. ನಮ್ಮ ಓಣಿಯ ದಿನಸಿ ಅಂಗಡಿಯವರು ಇದರ ಅಧಿಕೃತ ವ್ಯಾಖ್ಯಾನಕಾರರು. ಗಂಟೆಗಟ್ಟಲೆ ಮಾಸ್ಕ್ ಹಾಕಿಕೊಂಡೇ ವ್ಯಾಪಾರ ಮಾಡುತ್ತಿದ್ದ ಅವರು, ಸೀನು ಮೂಗಿನ ತುದಿಗೆ ಬಂದ ತಕ್ಷಣ ಮಾಸ್ಕನ್ನು ಕೆಳಗೆಳೆದು, ಬೇಳೆ ಮೂಟೆಯ ಕಡೆಗೆ ನಿರಾಳವಾಗಿ ಸೀನಿ, ಮತ್ತೆ ಮೇಲೇರಿಸುತ್ತಿದ್ದರು. ಕೇಳಿದ್ದಕ್ಕೆ, "ಮತ್ತೆ ಮಾಸ್ಕ್ ಕೊಳೆ ಆಗಲ್ವಾ ಸಾರ್?" ಎಂದರು. ಅದೇ ಮಾಸ್ಕನ್ನು ಮತ್ತೆ ಇಳಿಸಿ, ತೋರುಬೆರಳನ್ನು ನಾಲಿಗೆಗೆ ತಾಗಿಸಿ, ನೋಟುಗಳನ್ನು ಒಂದೊಂದಾಗಿ ಎಣಿಸಿ ನಮ್ಮ ಕೈಗಿಟ್ಟು, "ಸ್ಯಾನಿಟೈಸರ್ ಅಲ್ಲಿದೆ ನೋಡಿ, ಹಾಕ್ಕೊಳಿ, ಸೇಫ್ಟಿ ಮುಖ್ಯ" ಎಂದರು. ಆ ಚಿಲ್ಲರೆಯನ್ನು ಏನು ಮಾಡಬೇಕೆಂದು ತಿಳಿಯದೆ ನಾವು ಅಲ್ಲೇ ಕೊತ್ತಂಬರಿ ಬೀಜ ಕೊಂಡು ಅವರಿಗೇ ವಾಪಸು ಕೊಟ್ಟೆವು.

ಇಂಥ ಸಜ್ಜನರು ಹೀಗೇಕೆ ಮಾಡುತ್ತಾರೆ? ಇದಕ್ಕೆ ಉತ್ತರ ಮೀಮಾಂಸಾ ಶಾಸ್ತ್ರದಲ್ಲಿದೆ. ಕರ್ಮಗಳಲ್ಲಿ ಕೆಲವಕ್ಕೆ ದೃಷ್ಟಫಲ, ಕೆಲವಕ್ಕೆ ಅದೃಷ್ಟಫಲ. ಭತ್ತ ಕುಟ್ಟಿದರೆ ಹೊಟ್ಟು ಹೋಗಿ ಅಕ್ಕಿ ಬರುತ್ತದೆ, ಅದು ಕಣ್ಣಿಗೆ ಕಾಣುವ ಫಲ. ಯಜ್ಞ ಮಾಡಿದರೆ ಸ್ವರ್ಗ, ಅದನ್ನು ಕಂಡವರಿಲ್ಲ. ಮಾಸ್ಕ್ ಧಾರಣೆ ಈ ಎರಡನೆಯ ಜಾತಿಯದು. ಬಾರದೆ ಹೋದ ಕಾಯಿಲೆಯನ್ನು ಯಾರು ತೋರಿಸಬಲ್ಲರು? ಮಾರ್ಷಲ್ ಹರಿದುಕೊಡುವ ದಂಡದ ರಸೀದಿಯಾದರೋ ಶುದ್ಧ ದೃಷ್ಟಫಲ. ಆದ್ದರಿಂದ ಮಾಸ್ಕ್ ಹಾಕಿಕೊಳ್ಳುವುದು ವೈರಾಣುವಿಗೆ ಹೆದರಿ ಅಲ್ಲ, ರಸೀದಿ ಪುಸ್ತಕಕ್ಕೆ ಹೆದರಿ. ಮಾರ್ಷಲ್ ಇಲ್ಲದ ಬೀದಿಯಲ್ಲಿ ಕೊರೊನಾವೂ ಇಲ್ಲ.

ಇತಿಹಾಸವೂ ಇದನ್ನೇ ಹೇಳುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಒತ್ತೊತ್ತಾದ ಪೇಟೆಯ ಆಚೆಗೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದದ್ದು ಆ ಪ್ಲೇಗಿನಿಂದಾಗಿ. ಹಳ್ಳಿಗಳಲ್ಲಿ ಇಲಿ ಬಿತ್ತೆಂದರೆ ಸಾಕು, ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲದ ಬಯಲಿನ ಗುಡಿಸಲಿಗೆ ಹೋಗುತ್ತಿತ್ತು. ಸರ್ಕಾರದವರು ಮನೆ ಹೊಕ್ಕು ತಪಾಸಣೆ ಮಾಡುವುದನ್ನು ಆಗಲೂ ಯಾರೂ ಸಹಿಸುತ್ತಿರಲಿಲ್ಲ. ಪುಣೆಯಲ್ಲಿ 1897ರಲ್ಲಿ ರ‍್ಯಾಂಡ್ ಎಂಬ ಪ್ಲೇಗ್ ಅಧಿಕಾರಿಗೆ ಗುಂಡೇ ಬಿತ್ತು. ಅದಕ್ಕೆ ಹೋಲಿಸಿದರೆ "ನಾನ್ಯಾರು ಗೊತ್ತೇನಯ್ಯಾ?" ಎಂಬುದನ್ನಷ್ಟೇ ಕೇಳಿ ಮನೆಗೆ ಹೋದ ನಮ್ಮ ಮಾರ್ಷಲ್‌ಗಳು ಪುಣ್ಯವಂತರು. ಅದಿರಲಿ, ಗಮನಿಸಬೇಕಾದದ್ದು ಇಲಿಯನ್ನು. ಅಟ್ಟದಿಂದ ಸತ್ತು ಬಿದ್ದ ಇಲಿ ಕಣ್ಣಿಗೆ ಕಾಣುತ್ತಿತ್ತು, ವಾಸನೆಯೂ ಬರುತ್ತಿತ್ತು. ಕೊರೊನಾಕ್ಕೆ ಇಲಿ ಇರಲಿಲ್ಲ. ಇದು ಆ ರೋಗದ ಮೂಲಭೂತ ದೋಷವೇ ಹೊರತು ನಮ್ಮದಲ್ಲ.

ಇಲಿಯ ಕೊರತೆಯನ್ನು ಸರ್ಕಾರ ಬೇಗ ಕಂಡುಕೊಂಡಿತೆಂದು ಹೇಳಲೇಬೇಕು. ಮನೆ ಕ್ವಾರಂಟೈನಿನವರ ಮುಂಗೈಗೆ ಅಳಿಸಲಾಗದ ಶಾಯಿಯ ಸೀಲು ಬಿತ್ತು. ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ಚುನಾವಣೆಗೆ ಒದಗಿಸುತ್ತಿರುವ ಶಾಯಿಯ ಜಾತಿಯದೇ ಅದು. ವೋಟು ಹಾಕಿದವನ ಬೆರಳಿಗೆ ಬಿದ್ದರೆ ಫೇಸ್‌ಬುಕ್ಕಿನಲ್ಲಿ ಪ್ರದರ್ಶನ, ವಿದೇಶದಿಂದ ಬಂದವನ ಮುಂಗೈಗೆ ಬಿದ್ದರೆ ತುಂಬುತೋಳಿನ ಅಂಗಿ. ತೋಳು ಸರಿದು ಸೀಲು ಕಂಡಿತೋ, ಅಲ್ಲಿಯವರೆಗೆ ಗದ್ದವಸ್ತ್ರಧಾರಿಗಳಾಗಿ ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದ ಇಡೀ ಬಸ್ಸು ಎದ್ದು ನಿಲ್ಲುತ್ತಿತ್ತು. 2020ರ ಮಾರ್ಚ್ ಕೊನೆಯಲ್ಲಿ ಇನ್ನೊಂದು ಅಪ್ಪಣೆಯಾಯಿತು: ಕ್ವಾರಂಟೈನಿನಲ್ಲಿರುವವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಸರ್ಕಾರಕ್ಕೆ ಕಳಿಸಬೇಕು. ರಾತ್ರಿ 10ರ ನಂತರ ನಿದ್ದೆಯ ಹೊತ್ತು, ವಿನಾಯಿತಿ. ವೈರಾಣುವಿನ ದಿನಚರಿಯ ಕುರಿತು ಸರ್ಕಾರದ ಬಳಿ ಖಚಿತ ಮಾಹಿತಿ ಇದ್ದಿರಬೇಕು.

ದೃಷ್ಟಫಲ ಎದುರಿಗಿದ್ದರೆ ನಮ್ಮವರು ಎಂಥ ಶಿಸ್ತಿನವರೆಂಬುದಕ್ಕೆ 2020ರ ಮೇ 4 ಸಾಕ್ಷಿ. ಒಂದೂವರೆ ತಿಂಗಳ ನಂತರ ಮದ್ಯದಂಗಡಿ ತೆರೆದ ದಿನ. ಆ ಒಂದೇ ದಿನ ರಾಜ್ಯದಲ್ಲಿ 45 ಕೋಟಿ ರೂಪಾಯಿಯ ವ್ಯಾಪಾರವಾಯಿತು. ನಮ್ಮ ಬಡಾವಣೆಯ ಅಂಗಡಿ ತೆರೆಯುವುದು ಒಂಬತ್ತಕ್ಕೆ. ಆರಕ್ಕೇ ಸುಣ್ಣದ ವೃತ್ತಕ್ಕೊಬ್ಬರಂತೆ, ಗೆರೆಗೆ ಪಾದ ತಾಗದಂತೆ, ಕಣ್ಣು ಮಾತ್ರ ಕಾಣುವ ಹಾಗೆ ಟವೆಲು ಸುತ್ತಿಕೊಂಡು ನಿಂತಿದ್ದರು. ಆರಡಿ ಅಂತರವೆಂದರೆ ಏನೆಂದು ನಮಗೆ ಅರ್ಥವಾದದ್ದೇ ಆವತ್ತು. ಅದೇ ಬೀದಿಯ ನ್ಯಾಯಬೆಲೆ ಅಂಗಡಿ ಮುಂದೆಯೂ ವೃತ್ತಗಳಿದ್ದವು. ಅಲ್ಲಿ ವೃತ್ತಕ್ಕೊಂದು ಚಪ್ಪಲಿ, ಚೀಲ, ಕಲ್ಲು, ಒಂದು ಕಡೆ ಹೆಲ್ಮೆಟ್ ನಿಂತಿದ್ದವು. ಚಪ್ಪಲಿಗಳ ನಡುವೆ ಅಳತೆಗೆ ಸರಿಯಾಗಿ ಆರಡಿ. ಚಪ್ಪಲಿಯ ಒಡೆಯರು ಎದುರಿನ ಹೊಂಗೆಮರದ ನೆರಳಲ್ಲಿ ಒಂದೇ ಕಟ್ಟೆಯ ಮೇಲೆ ಒತ್ತಿಕೊಂಡು ಕೂತು, ಈ ಕೊರೊನಾ ಹೇಗೆ ಹರಡುತ್ತದೆಂದು ಚರ್ಚಿಸುತ್ತಿದ್ದರು. ಚಪ್ಪಲಿಗಳಲ್ಲಿ ಒಂದಕ್ಕೂ ಸೋಂಕು ತಗಲಲಿಲ್ಲ.

ಇಲ್ಲಿ ಪೂರ್ವಪಕ್ಷಗಳನ್ನು ಎತ್ತಿ ಉತ್ತರಿಸಬೇಕು. ದಕ್ಷಿಣದ ಸಂಪ್ರದಾಯದವರು, "ಮುದ್ದೆ ತಿಂದು ಬೆಳೆದ ಮೈ ಸಾರ್, ನಮಗೇನಾಗಲ್ಲ" ಎನ್ನುತ್ತಾರೆ. ಉತ್ತರದವರು, "ಜ್ವಾಳದ ರೊಟ್ಟಿ ತಿಂದಾವರಿಗೆ ಏನ್ ಆಗ್ತದ್ರೀ?" ಎನ್ನುತ್ತಾರೆ. ಧಾನ್ಯದಲ್ಲಿ ಭೇದವಿದ್ದರೂ ಸಿದ್ಧಾಂತದಲ್ಲಿ ಅಭೇದ. ಇವರಿಬ್ಬರಿಗೂ ಉತ್ತರ ಹೇಳಬಹುದು, ದೇಶದಲ್ಲೇ ಮೊದಲ ಕೊರೊನಾ ಸಾವು 2020ರ ಮಾರ್ಚಿನಲ್ಲಿ ಆದದ್ದು ರೊಟ್ಟಿಯ ಸೀಮೆಯಾದ ಕಲಬುರಗಿಯಲ್ಲೇ ಎಂದು. ಆದರೆ ಮೂರನೆಯ ಪೂರ್ವಪಕ್ಷಕ್ಕೆ ನಮ್ಮಲ್ಲಿ ಉತ್ತರವಿಲ್ಲ: "ಹಣೇಲಿ ಬರ್ದಿದ್ದು ಆಗೇ ಆಗತ್ತೆ." ಹಣೆಯನ್ನು ಮುಚ್ಚುವ ಮಾಸ್ಕ್ ಮಾರುಕಟ್ಟೆಗೆ ಬಂದಿರಲಿಲ್ಲ.

ಅಪ್ಪಣೆ ಹೊರಡಿಸುವವರ ಕಡೆಗೂ ನೋಡೋಣ. ಶಿಷ್ಯನ ವ್ಯಾಕರಣ ಕೆಟ್ಟರೆ ಗುರುವನ್ನೂ ವಿಚಾರಿಸಬೇಕಾಗುತ್ತದೆ. ಬೆಂಗಳೂರಿನಲ್ಲಿ ಮಾಸ್ಕ್ ದಂಡ 2020ರ ಮೇ ತಿಂಗಳಲ್ಲಿ 1000 ರೂಪಾಯಿ ಎಂದು ಶುರುವಾಗಿ ಕೆಲವೇ ದಿನಗಳಲ್ಲಿ 200ಕ್ಕೆ ಇಳಿಯಿತು. ಅಕ್ಟೋಬರಿನಲ್ಲಿ ಮತ್ತೆ 1000ಕ್ಕೆ ಹತ್ತಿ, ಗದ್ದಲವಾದದ್ದೇ 250ಕ್ಕೆ ಬಂತು. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಕೊಂಡ ಯಾರಿಗೇ ಆದರೂ ಇದರ ಅರ್ಥ ಗೊತ್ತು: ಮೊದಲು ಹೇಳಿದ ರೇಟು ರೇಟಲ್ಲ. ಆ ವರ್ಷದ ಡಿಸೆಂಬರ್ 23ರಂದು ರಾತ್ರಿ ಕರ್ಫ್ಯೂ ಘೋಷಣೆಯಾಯಿತು, ಅಂದೇ ರಾತ್ರಿ 10ರಿಂದ ಎಂದು. ಆಮೇಲೆ, ಇಲ್ಲ, ನಾಳೆಯಿಂದ, ಅದೂ 11ರಿಂದ ಎಂದಾಯಿತು. ನಾಳೆ ಬಂದಾಗ, ಸಂಜೆಗೆ, ಬೇಡವೆಂದಾಯಿತು. ಒಂದು ರಾತ್ರಿಯನ್ನೂ ಕಾಣದ ರಾತ್ರಿ ಕರ್ಫ್ಯೂ ಅದು. ಅದನ್ನು ಮುರಿಯಲು ಸಿದ್ಧರಾಗಿದ್ದವರಿಗೆ ಆದ ನಿರಾಸೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ರಾಜಾಜ್ಞೆ ಹೇಗಿರಬೇಕೆಂಬುದಕ್ಕೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲೇ ಮಾದರಿಯಿದೆ. ಅಲ್ಲಿನ ಬಂಡೆಯ ಮೇಲೆ ಕ್ರಿ.ಪೂ. 3ನೆಯ ಶತಮಾನದ ಶಾಸನವಿದೆ. 1915ರಲ್ಲಿ ಅದು ಬೆಳಕಿಗೆ ಬಂದಾಗ ಅದರಲ್ಲಿ ಅಶೋಕನ ಹೆಸರೇ ಇತ್ತು. 'ದೇವಾನಾಂಪ್ರಿಯ'ನೆಂದರೆ ಯಾರೆಂಬ ಅನುಮಾನ ಅಲ್ಲಿಗೆ ತೀರಿತು. ಕಲ್ಲಿನಲ್ಲಿ ಕೊರೆದು, ಮೊದಲಲ್ಲೇ ಯಾರು ಹೇಳಿದ್ದೆಂದೂ ಕಾಣಿಸಿದ ಆಜ್ಞೆ. ಅದೇ ಮಸ್ಕಿಯಲ್ಲಿ 2021ರ ಏಪ್ರಿಲ್ 17ಕ್ಕೆ ಉಪಚುನಾವಣೆ. ಏಪ್ರಿಲ್ 10ರಿಂದ ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿ ಮೊದಲಾದ ನಗರಗಳಲ್ಲಿ ರಾತ್ರಿ 10ರ ಮೇಲೆ ಹೊರಗೆ ಬರಬೇಡಿರೆಂದು ಹೇಳಿದವರೇ ಹಗಲು ಹೊತ್ತಿನಲ್ಲಿ ಪ್ರಚಾರ ಸಭೆಗೆ ಬನ್ನಿರೆಂದು ಕರೆದರು. ವಿರೋಧಿಗಳೂ ಕರೆದರು. ಜನ ಎರಡೂ ಕಡೆ ಹೋದರು, ಯಾಕೆಂದರೆ ನಮ್ಮವರು ದೊಡ್ಡವರು ಕರೆದರೆ ಇಲ್ಲವೆನ್ನುವವರಲ್ಲ.

ಮದುವೆಗಳಿಗೂ ಹಾಗೆಯೇ. 50 ಜನರ ಮಿತಿಯಿದ್ದ ಕಾಲದಲ್ಲಿ ಒಂದು ಕಲ್ಯಾಣ ಮಂಟಪಕ್ಕೆ ಅಧ್ಯಯನಾರ್ಥವಾಗಿ ಹೋಗಿದ್ದೆವು (ಊಟವೂ ಆಯಿತು). ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿಯ ಜಾಗದಲ್ಲಿ ಜ್ವರ ಅಳೆಯುವ ಗನ್ನು ಹಿಡಿದ ಹುಡುಗ. ನಮ್ಮ ಮುಂಗೈಗೆ ಗುರಿಯಿಟ್ಟ. 31 ಡಿಗ್ರಿ ತೋರಿಸಿತು. "ನಾರ್ಮಲ್, ಹೋಗಿ ಸಾರ್" ಎಂದ. ವೈದ್ಯರನ್ನು ಕೇಳಿದರೆ ಅಷ್ಟು ತಣ್ಣಗಿರುವವನನ್ನು ಮದುವೆಗಲ್ಲ, ಐಸಿಯುಗೆ ಕಳಿಸಬೇಕು. ಒಳಗೆ ನಾನೂರು ಕುರ್ಚಿಗಳೂ ಭರ್ತಿ. ವಧುವಿನ ಸೋದರಮಾವನವರನ್ನು ಮೆಲ್ಲಗೆ ಕೇಳಿದೆವು: "ಐವತ್ತೇ ಜನ ಅಂತ ಅಲ್ವಾ?" ಅವರು ನೊಂದುಕೊಂಡರು. "ಐವತ್ತೇ ಸಾರ್. ಪಂಕ್ತಿಗೆ ಐವತ್ತು. ಐವತ್ತೊಂದನೇ ಎಲೆ ಹಾಕಿದ್ರೆ ಆಗ ಕೇಳಿ." ವೇದಿಕೆಯ ಮೇಲೆ ಫೋಟೋಗ್ರಾಫರು, ಮಾಸ್ಕ್ ಹಾಕಿಕೊಂಡು ಬಂದ ಏಕೈಕ ಅಜ್ಜಿಗೆ ಗದರಿ ಅದನ್ನು ತೆಗೆಸುತ್ತಿದ್ದರು.

2021ರ ಮೇ ತಿಂಗಳಿನಲ್ಲಿ ಮದುವೆಗೆ 40, ಅಂತ್ಯಕ್ರಿಯೆಗೆ 5 ಜನ ಎಂದು ನಿಯಮವಾಯಿತು. ಬೆಂಗಳೂರಿನ ಒಂದು ಚಿತಾಗಾರದ ಬಾಗಿಲಿಗೆ 'ಹೌಸ್‌ಫುಲ್' ಬೋರ್ಡು ಬಿದ್ದ ತಿಂಗಳು ಅದು. ಮದುವೆಯ 40 ಎಷ್ಟಾಯಿತೆಂದು ಕೇಳಬೇಡಿ. ಅಂತ್ಯಕ್ರಿಯೆಯ 5ರಲ್ಲಿ ಎಷ್ಟೋ ಕಡೆ ಇಬ್ಬರೂ ಬರಲಿಲ್ಲ. ಹೆಸರೂ ಗೊತ್ತಿಲ್ಲದ ಸ್ವಯಂಸೇವಕ ಹುಡುಗರು ಪಿಪಿಇ ಕಿಟ್ ಹಾಕಿಕೊಂಡು ಬಂದು ಹೆಗಲು ಕೊಟ್ಟರು, ಬೆಂಕಿಯನ್ನೂ ಕೊಟ್ಟರು. ಸರ್ಕಾರ ಕೇಳಿದ್ದಕ್ಕಿಂತ ಹೆಚ್ಚಾಗಿ ನಮ್ಮ ಜನ ಪಾಲಿಸಿದ ನಿಯಮ ನಮಗೆ ಸಿಕ್ಕಿದ್ದು ಇದೊಂದೇ. ಇದಕ್ಕೆ ಯಾವ ಸಂಧಿ ಹೇಳಬೇಕೋ ತಿಳಿಯದೆ, ಈ ಅಧಿಕರಣವನ್ನು ಭಾಷ್ಯವಿಲ್ಲದೆ ಹಾಗೇ ಬಿಟ್ಟಿದ್ದೇವೆ.

ಇನ್ನು ಫಲಶ್ರುತಿ. ಈ ಮೀಮಾಂಸೆಯನ್ನು ದಿನಕ್ಕೊಮ್ಮೆ ಓದಿದವರಿಗೆ ದಾರಿಯಲ್ಲಿ ಮಾರ್ಷಲ್ ಎದುರಾಗುವುದಿಲ್ಲ. ಎದುರಾದರೂ ರಸೀದಿ ಪುಸ್ತಕ ಮುಗಿದುಹೋಗಿರುತ್ತದೆ. ಇದನ್ನು ಬರೆಸಿ ಹತ್ತು ಜನಕ್ಕೆ ಹಂಚಿದವರಿಗೆ ಮುಂದಿನ ಪಿಡುಗಿನಲ್ಲಿ ಮದುವೆಯ ಮೊದಲ ಪಂಕ್ತಿಯಲ್ಲೇ ಎಲೆ ಸಿಗುತ್ತದೆ. ದರ್ಶಿನಿಯಲ್ಲಿ ಬೈ-ಟೂ ಕಾಫಿ ಹಂಚಿಕೊಂಡು, ಒಂದೇ ಮೇಜಿಗೆ ನಾಲ್ವರು ಒರಗಿ ಓದಿದವರಿಗೆ ಫಲವನ್ನೂ ನಾಲ್ಕು ಪಾಲು ಮಾಡಿ ಕೊಡಲಾಗುವುದು. ಮೂಗನ್ನು ಹೊರಗೆ ಬಿಟ್ಟು, ಬಾಯಿ ಮಾತ್ರ ಮುಚ್ಚಿಕೊಂಡು ಪಠಿಸಿದವರಿಗೆ ಅರ್ಧ ಫಲ. ಉಳಿದರ್ಧಕ್ಕಾಗಿ ವಾರ್ಡ್ ಕಚೇರಿಯಲ್ಲಿ, ಚಪ್ಪಲಿಯನ್ನು ಕ್ಯೂನಲ್ಲಿಟ್ಟು, ವಿಚಾರಿಸತಕ್ಕದ್ದು.