ಅಜ್ಜನ ಜೀಪು ಶೆಡ್ಡಲ್ಲೇ ಇರ್ಲಿ ಮಾರಾಯ್ರೆ!

ನಿಮ್ಮನ್ನೇ ಕಣ್ರೀ ಕರ್ದಿದ್ದು, ಹಿಂದೆ ತಿರುಗಿ ನೋಡ್ಬೇಡಿ. ಆಳುಗಳ ಬಟವಾಡೆ ಮುಗೀತಿದ್ದಂಗೆ ಮೊಬೈಲ್ ಹಿಡ್ಕಂಡು ಡ್ರ್ಯಾಗ್ ರೇಸಿನ ರೀಲ್ಸ್ ನೋಡೋರು ನೀವೇ ತಾನೆ? ಎರಡು ಕಾರು, ಒಂದು ನೇರ ರಸ್ತೆ, ಹಸಿರು ದೀಪ, ಕಾಲು ಮೈಲಿ (ಅಂದ್ರೆ 402 ಮೀಟರ್), ಅಷ್ಟೇ ಆಟ. ನೋಡ್ತಾ ನೋಡ್ತಾ ನಿಮ್ಮ ಬಲಗಾಲು ತಾನಾಗೇ ನೆಲ ಒತ್ತುತ್ತೆ. (ಮನೆಯೋರೂ ಗಮನಿಸಿದಾರೆ. ವಾತ ಅಂದ್ಕಂಡಿದಾರೆ, ಬಿಡಿ.)

ಆಮೇಲೆ ಮೆಲ್ಲಗೆ ಶೆಡ್ಡಿಗೆ ಹೋಗಿ ಅಜ್ಜನ ಜೀಪ್ ನೋಡ್ತೀರಿ. 'ಇದನ್ನೇ ಒಂದ್ಸಲ ಬಿಟ್ರೆ ಹೆಂಗೆ?' ಅನ್ನೋ ಆಸೆ. ಬ್ಯಾಡ ಮಾರಾಯ್ರೆ! ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ ಹೋಗಿದ್ದು ಇದ್ರಲ್ಲೇ ಅಂತ ಹೆತ್ತೂರಿಗೆ ಬಂದ ನೆಂಟರಿಗೆಲ್ಲ ಕತೆ ಹೇಳೋರು ನೀವು. ಅದರ ಹಾರ್ನ್ ಒತ್ತಕ್ಕೂ ಮಕ್ಕಳನ್ನ ಬಿಡಲ್ಲ. ಈಗ ಅದರ ಕ್ಲಚ್ ಎಗರಿಸ್ತೀರಾ?

ಚಿಕ್ಕಮಗಳೂರಿನ ತೋಟದ ರಸ್ತೇಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನೋಡಿ ಬಂದಾಗ್ಲಿಂದ ನಿಮ್ಮ ತಲೇಲಿ ಈ ಹುಳ ಕೊರೀತಿದೆ ಅಂತ ನಂಗೊತ್ತು. ಗೌರವ್ ಗಿಲ್ ಧೂಳೆಬ್ಬಿಸ್ಕಂಡು ಹೋದ್ರು, ನಿಜ. 2019ರಲ್ಲಿ ಅರ್ಜುನ ಪ್ರಶಸ್ತಿನೂ ಬಂತು. ಆದ್ರೆ ಅವರೇನು ಅಜ್ಜನ ಕಾರು ತಂದಿದ್ರಾ? ಅದು ಎಂಆರ್‌ಎಫ್ ತಂಡದ ಸ್ಕೋಡಾ ಕಣ್ರೀ! ಗುದ್ದಿದ್ರೆ ತಂಡದೋರು ನೋಡ್ಕತಾರೆ. ನೀವು ಗುದ್ದಿದ್ರೆ ದೊಡ್ಡಪ್ಪನ ಮಕ್ಕಳೆಲ್ಲ ಭಾಗದ ಲೆಕ್ಕ ಕೇಳ್ಕಂಡು ಬರ್ತಾರೆ.

ಜೀಪಿನ ಗುಣನೂ ಸ್ವಲ್ಪ ನೋಡಿ. ಯುದ್ಧಕಾಲದ ವಿಲ್ಲೀಸ್ ಎಂಜಿನ್ನು 2.2 ಲೀಟರ್, 60 ಅಶ್ವಶಕ್ತಿ. ಗಾಡಿ ತೂಕ ಸಾವಿರ ಕಿಲೋ ಮೇಲೆ. ಲೋ ಗೇರಿಗೆ ಹಾಕಿದ್ರೆ ಕೆಸರಲ್ಲಿ ಗೊಣಗ್ತಾ ಗುಡ್ಡ ಹತ್ತುತ್ತೆ. ಓಡು ಅಂದ್ರೆ ಗಂಟೆಗೆ ನೂರು ಕಿಲೋಮೀಟರ್ ಮುಟ್ಟೋದ್ರೊಳಗೆ ಸುಸ್ತಾಗುತ್ತೆ. ಗದ್ದೆ ಉಳೋ ಕೋಣನ್ನ ಕಂಬಳಕ್ಕೆ ಇಳಿಸ್ತಾರೇನ್ರೀ ಯಾರಾದ್ರೂ?

ಡ್ರ್ಯಾಗಲ್ಲಿ ಗಾಡಿ ಮುರಿಯೋದು ಕೊನೇಲಲ್ಲ, ಮೊದಲನೇ ಸೆಕೆಂಡಲ್ಲಿ. ಎಂಜಿನ್ ರೇಸ್ ಮಾಡಿ ಕ್ಲಚ್ ದಡಕ್ಕಂತ ಬಿಟ್ರೆ ಆ ಏಟು ಜಾಯಿಂಟ್ ಕ್ರಾಸಿಗೆ, ಅಲ್ಲಿಂದ ಕ್ರೌನ್ ಪಿನಿಯನ್ನಿಗೆ, ಅಲ್ಲಿಂದ ಆಕ್ಸಲ್ಲಿಗೆ. ಎಲ್ಲಿ ಬಡವಾಗಿದೆಯೋ ಅಲ್ಲೇ ಟಕ್! ಆಮೇಲೆ ಹಳೇ ಪಿನಿಯನ್ ಚೀಲಕ್ಕೆ ಹಾಕ್ಕಂಡು ಬೆಂಗಳೂರಿನ ಜೆಸಿ ರೋಡಲ್ಲಿ ಅಂಗಡಿ ಅಂಗಡಿ ಸುತ್ತೋರು ಯಾರು? (ಮನೇಲಿ ಮಾತ್ರ 'ಕಾಫಿ ಬೋರ್ಡಲ್ಲಿ ಮೀಟಿಂಗಿದೆ' ಅಂದಿರ್ತೀರಿ.)

ಇನ್ನೊಂದು ತಮಾಷೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೆ ನಿಯಮ ತಂತಲ್ಲ? 50 ವರ್ಷ ದಾಟಿರ್ಬೇಕು, ಚಾಸಿ, ಬಾಡಿ, ಎಂಜಿನ್ನಲ್ಲಿ ದೊಡ್ಡ ಬದಲಾವಣೆ ಆಗಿರಬಾರ್ದು. ಆಗ 'ವಿಎ' ಅನ್ನೋ ಬಿರುದಿನ ನಂಬರ್ ಪ್ಲೇಟು. ಆ ಪ್ಲೇಟೂ ಬೇಕು, ಬಾನೆಟ್ ಕೊಯ್ದು ಟರ್ಬೋನೂ ಕೂರಿಸ್ಬೇಕು ಅಂತೀರಲ್ಲ, ಎರಡೂ ಹೆಂಗ್ರೀ ಆಗುತ್ತೆ?

ಹಂಗಾಗಿ ನನ್ನ ಮಾತು ಕೇಳಿ. ಒಂದು ಹಳೇ ಮಾರುತಿ 800 ತನ್ನಿ. 1983ರ ಡಿಸೆಂಬರಿಂದ 2014ರ ತನಕ ಬಂದ ಗಾಡಿ, ಹುಡುಕಿದ್ರೆ ಸಕಲೇಶಪುರದ ಸುತ್ತ ಯಾವ್ದಾದ್ರೂ ಹಲಸಿನ ಮರದ ಬುಡದಲ್ಲಿ ಸಿಕ್ಕೇ ಸಿಗುತ್ತೆ. ಕಿಟಕಿ ರಬ್ಬರಲ್ಲಿ ಪಾಚಿ ಬೆಳೆದಿರ್ಬೇಕು, ಡಿಕ್ಕೀಲಿ ಕೋಳಿ ಮೊಟ್ಟೆ ಇಟ್ಟಿರ್ಬೇಕು. ಅಂಥದ್ದೇ ಸರಿ! ಆಸೆ ತೋರಿಸ್ದೆ ಚೌಕಾಸಿ ಮಾಡಿ. (ನಿಮ್ಮ ಕೈಲಿ ಆಗಲ್ಲ, ಭಾವನ್ನ ಕಳ್ಸಿ.)

ಈಗ ಲೆಕ್ಕ. 796 ಸಿಸಿ, ಹೆಚ್ಚು ಕಡಿಮೆ 37 ಅಶ್ವಶಕ್ತಿ, ತೂಕ 650 ಕಿಲೋ ಆಸುಪಾಸು. ಒಂದೊಂದು ಕುದುರೆ ಎಷ್ಟೆಷ್ಟು ಕಿಲೋ ಎಳೀಬೇಕು ಅಂತ ಭಾಗಿಸಿ ನೋಡಿ, ಜೀಪೂ ಇದೂ ಒಂದೇ! ನಗಾಡ್ತಿದ್ರಲ್ಲ ಡಬ್ಬಿ ಕಾರು ಅಂತ? ಹಿಂದಿನ ಸೀಟು, ಮ್ಯಾಟು, ಸ್ಟೆಪ್ನಿ, ಡೋರ್ ಪ್ಯಾಡು ಎಲ್ಲಾ ಕಿತ್ತು ಹಾಕಿ. ತೂಕ ಇಳಿಸಕ್ಕೆ ಸ್ಪ್ಯಾನರ್ ಸಾಕು, ದುಡ್ಡು ಬ್ಯಾಡ. (ಡ್ರೈವರಿನ ತೂಕನೂ ಲೆಕ್ಕಕ್ಕೆ ಬರುತ್ತೆ. ಕಡುಬಿಗೆ ಮೂರನೇ ಸಲ ಪಲ್ಯ ಹಾಕಿಸ್ಕಳೋ ಮುಂಚೆ ನೆನಪಿರ್ಲಿ.)

ಆಮೇಲೆ ಗುಜರಿಯಿಂದ ಎಸ್ಟೀಮ್ ಎಂಜಿನ್ನು. 1298 ಸಿಸಿ. ಕಾರ್ಬುರೇಟರಿಂದಾದ್ರೆ 65 ಕುದುರೆ, ಆಮೇಲೆ ಬಂದ ಎಂಪಿಎಫ್ಐ ಆದ್ರೆ 85. ಗೇರ್‌ಬಾಕ್ಸು, ಡ್ರೈವ್ ಶಾಫ್ಟು, ಬ್ರೇಕು ಎಲ್ಲಾ ಜೊತೇಲೇ ತಗಳಿ. ಎಂಜಿನ್ ದೊಡ್ಡದು ಹಾಕಿ ಬ್ರೇಕ್ ಚಿಕ್ಕದೇ ಬಿಡೋ ಜಾಣ ನೀವಲ್ಲ ತಾನೆ? ಯಾಕೆ ನೆಲ ನೋಡ್ತಿದೀರಿ?

ಅಮೆರಿಕದಲ್ಲಿ 2006ರಿಂದ 'ಲೆಮನ್ಸ್' ಅಂತ ಗುಜರಿ ಕಾರಿನ ರೇಸು ನಡೆಯುತ್ತೆ. ಕಾರಿನ ಖರ್ಚು 500 ಡಾಲರ್ ಒಳಗೇ ಇರ್ಬೇಕು ಅನ್ನೋದು ಅವರ ಷರತ್ತು. ಆದ್ರೆ ಬ್ರೇಕು, ರೋಲ್ ಕೇಜು, ಸೀಟು, ಬೆಲ್ಟು ಆ ಲೆಕ್ಕಕ್ಕೆ ಸೇರಲ್ಲ. ಜಿಪುಣತನಕ್ಕೂ ಒಂದು ಗೆರೆ ಹಾಕಿದಾರೆ ನೋಡಿ. ಹೆಲ್ಮೆಟ್ಟಿಗೆ ಚೌಕಾಸಿ ಮಾಡೋ ಹೆತ್ತೂರು ಹೋಬಳಿಯೋರು ಸ್ವಲ್ಪ ಕಿವಿ ಕೊಟ್ರೆ ಒಳ್ಳೇದು.

ಸರಿ, ಎಲ್ಲಿ ಓಡಿಸ್ತೀರಿ? ನಮ್ಮ ರಸ್ತೇಲಿ ನೇರ ಅನ್ನೋದು ತಿರುವಿಂದ ತಿರುವಿಗೆ ಮಾತ್ರ. ಕಾಫಿ ಕಣ ಬಳಸ್ತೀನಿ ಅಂದ್ರೆ ರೈಟರ್ ಕೆಲ್ಸ ಬಿಟ್ಟು ಹೋಗ್ತಾನೆ. ಸಾರ್ವಜನಿಕ ರಸ್ತೆ ಅಂತೂ ಕೂಡ್ಲೇ ಕೂಡದು. ಎಂಜಿನ್ ಬದಲಿಸಿದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೂ ಕಾದು ಕೂತಿದೆ. ಲೈಸೆನ್ಸ್ ಮಾಡಿಸ್ಕಂಡು, ಕಾರನ್ನ ಪಿಕಪ್ಪಲ್ಲಿ ಹೇರ್ಕಂಡು, ಚೆನ್ನೈ ಹತ್ರದ ಇರುಂಗಾಟುಕೋಟೈ ಟ್ರ್ಯಾಕಿಗೆ ಹೋಗಿ. ಡೀಸೆಲ್ಲು, ಬಾಡಿಗೆ, ಊಟ... ಹೌದು, 'ಬಜೆಟ್' ಅನ್ನೋದು ಘಾಟಿ ಇಳೀತಿದ್ದಂಗೆ ಕರಗುತ್ತೆ. ಬಿಲ್ಲನ್ನ ಮೈಲುತುತ್ತದ ಲೆಕ್ಕಕ್ಕೆ ಸೇರಿಸ್ತೀರಿ ಅಂತನೂ ಗೊತ್ತು. ಈ ವರ್ಷ ನಿಮ್ಮ ತೋಟಕ್ಕೆ ಎಷ್ಟು ಬೋರ್ಡೋ ಹೊಡೆದ್ರಿ ಅಂತ ಮನೆಯೋರು ಕೇಳ್ದೇ ಇದ್ರೆ ಸಾಕು.

ಆದ್ರೂ ಹೇಳ್ತೀನಿ, ಈ ಡಬ್ಬೀಲೇ ನೀವು ಓಟ ಕಲಿಯೋದು. ಅಜ್ಜನ ಜೀಪಲ್ಲಿ ಕೂತ್ರೆ ಪಕ್ಕದ ಸೀಟಲ್ಲಿ ಅಜ್ಜ, ಹಿಂದೆ ಇಡೀ ವಂಶ. ಗೇರ್ ಕಟರ್ ಅಂದ್ರೆ ಎದೆ ಝಲ್ ಅನ್ನುತ್ತೆ. 800ರಲ್ಲಿ ಗೇರ್ ತಪ್ಪಿದ್ರೆ ನಕ್ಕು ಇನ್ನೊಂದ್ಸಲ ಬಿಡ್ತೀರಿ. ಇನ್ನೊಂದ್ಸಲ ಬಿಡೋ ಧೈರ್ಯ ಇದ್ದೋರೇ ಸ್ಟಾರ್ಟಲ್ಲಿ ಚಕ್ರ ಜಾರದಂಗೆ ಕ್ಲಚ್ ಬಿಡೋದು ಕಲಿಯೋದು. ಮುಟ್ಟಕ್ಕೆ ಹೆದ್ರೋ ಗಾಡೀನ ಪೂಜೆ ಮಾಡ್ಬೋದು, ರೇಸ್ ಮಾಡಕ್ಕಾಗಲ್ಲ.

ಒಂದೇ ಒಂದು ಅಪಾಯ ಇದೆ, ಗುಟ್ಟಾಗಿ ಹೇಳ್ತೀನಿ. ಎರಡು ಸೀಸನ್ ಆಗ್ಲಿ, ಆ ಡಬ್ಬಿಗೆ ನೀವೊಂದು ಹೆಸರಿಟ್ಟಿರ್ತೀರಿ. ಆಯುಧಪೂಜೇಲಿ ಅದಕ್ಕೇ ದೊಡ್ಡ ಹಾರ. ಮಗ ಕೀ ಕೇಳಿದ್ರೆ 'ಮಳೆ ಬಿಡ್ಲಿ ತಡಿ' ಅಂತೀರಿ. 'ಇದನ್ನ ಇನ್ಮೇಲೆ ಹಂಗೆಲ್ಲ ಹೊಡೀಬಾರ್ದು, ಒರಿಜಿನಲ್ ಪೇಂಟು' ಅಂತ ಬಂದೋರ ಹತ್ರ ಪಿಸುಗುಡ್ತೀರಿ. ಬ್ಯಾಡ, ಆಣೆ ಹಾಕ್ಬೇಡಿ, ನಿಮ್ಮನ್ನ ನೋಡಿಲ್ವಾ ನಾನು? ಮತ್ತೆ ಈಗ್ಲೇ ಹೇಳ್ಬಿಡಿ, ಭಾವನಿಗೂ ಓಡಾಟ ಉಳಿಯುತ್ತೆ: ರೇಸಿಗೆ ಅಂತ ಮೂರನೇದು ಯಾವ್ದು ನೋಡನ? ಝೆನ್ನೋ, ಸ್ಯಾಂಟ್ರೋನೋ?