ಡಿಸ್ಚಾರ್ಜ್ ಸಮ್ಮರಿ ಎಂಬ ಶಾಸನ: ಪಾಠ, ಪಾಠಾಂತರ ಮತ್ತು ಶಾಪಾಶಯ

1. ಪೀಠಿಕೆ

ಬ್ರಾಹ್ಮಿ ಲಿಪಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬಿಡಿಸಿದರು. ಬಿ.ಎಲ್. ರೈಸ್ ಮೈಸೂರು ಸೀಮೆಯ ಕಲ್ಲುಗಳನ್ನೆಲ್ಲ ಹುಡುಕಿಸಿ, ಓದಿಸಿ, ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ತುಂಬಿದರು. ಹಲ್ಮಿಡಿಯ ಹದಿನಾರು ಸಾಲುಗಳ ಮೇಲೆ ನಮ್ಮ ವಿದ್ವಾಂಸರು ಇಂದಿಗೂ ಸಂತೋಷದಿಂದ ಜಗಳವಾಡುತ್ತಾರೆ. ಇಷ್ಟಾಗಿಯೂ, ನಾಡಿನ ಮನೆಮನೆಯ ಬೀರುವಿನಲ್ಲಿ, ರೇಷನ್ ಕಾರ್ಡಿನ ಪಕ್ಕ, ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಅಸಂಖ್ಯ ಶಾಸನಗಳ ಕಡೆ ಯಾರೂ ಕಣ್ಣು ಹಾಯಿಸಿಲ್ಲ. ಓಪಿಡಿ ಚೀಟಿ, ಲ್ಯಾಬ್ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿಗಳೆಂಬ ಈ ಶಾಸನಗಳು ಕಲ್ಲಿನಷ್ಟು ಬಾಳುವುದಿಲ್ಲ ನಿಜ. ಆದರೆ ಕಲ್ಲನ್ನು ತಪ್ಪಾಗಿ ಓದಿದವರಾರೂ ಐಸಿಯು ಸೇರಿದ್ದಿಲ್ಲ. ವಿಷಯದ ಗಾಂಭೀರ್ಯ ಸಿದ್ಧವಾಯಿತು.

2. ಮೂಲಪಾಠ

ಅಧ್ಯಯನಕ್ಕಾಗಿ ಒಂದು ಮಾದರಿ ಪಾಠವನ್ನು ಕಟ್ಟಿಕೊಳ್ಳಲಾಗಿದೆ:

“65/ಎಂ. ಸಿ/ಒ ಫೀವರ್ 3 ದಿನ, ಎಸ್‌ಒಬಿ +. ಕೆ/ಸಿ/ಒ ಟಿ2ಡಿಎಂ, ಎಚ್‌ಟಿಎನ್. ಒ/ಇ ಜಿಸಿ ಫೇರ್. ಪಿ/ಎ ಸಾಫ್ಟ್. ಸಿಎನ್‌ಎಸ್ ಎನ್‌ಎಡಿ. ಎಸ್/ಒ ಎಲ್‌ಆರ್‌ಟಿಐ. ಆರ್‌ಎಕ್ಸ್: ಕ್ಯಾಪ್ ಅಮಾಕ್ಸಿಸಿಲಿನ್ 500 ಟಿಡಿಎಸ್ ಪಿಸಿ 5/7. ಟ್ಯಾಬ್ ಪಿಸಿಎಂ ಎಸ್‌ಒಎಸ್.”

ಶಾಸನಶಾಸ್ತ್ರದ ಸಂಪ್ರದಾಯದಂತೆ ಓದಿದರೆ ಅರ್ಥ ಹೀಗಾಗುತ್ತದೆ: ಅರವತ್ತೈದು ಗ್ರಾಮಗಳ ಒಡೆಯನಾದ ‘ಎಂ’ ಎಂಬುವನು ಸದ್ಯ ಫೀವರ್ ಎಂಬುವರ ಕೇರಾಫ್ ವಿಳಾಸದಲ್ಲಿದ್ದಾನೆ. ಟಿ2ಡಿಎಂ, ಎಚ್‌ಟಿಎನ್ ಇವನ ಬಿರುದುಗಳು. ಮೈಬಣ್ಣ ಬಿಳುಪು. ಇವನ ಪಿಎ ಸಾಧು ಸ್ವಭಾವದವನು. ತಂದೆ ಶ್ರೀ ಎಲ್‌ಆರ್‌ಟಿಐ.

ವೈದ್ಯಪಂಥದವರು ಈ ಪಾಠವನ್ನು ಒಪ್ಪುವುದಿಲ್ಲ. ಅವರ ಪ್ರಕಾರ, ಅರವತ್ತೈದು ವರ್ಷದ ಗಂಡಸು. ಮೂರು ದಿನದಿಂದ ಜ್ವರ, ಉಸಿರಾಟದ ತೊಂದರೆ. ಸಕ್ಕರೆ ಕಾಯಿಲೆ, ಬಿಪಿ ಮೊದಲಿನಿಂದಲೂ ಇವೆ. ಪರೀಕ್ಷಿಸಿದಾಗ ಒಟ್ಟಾರೆ ಸ್ಥಿತಿ ಪರವಾಗಿಲ್ಲ, ಹೊಟ್ಟೆ ಮೆತ್ತಗಿದೆ, ಮಿದುಳು-ನರಗಳಲ್ಲಿ ದೋಷ ಕಂಡಿಲ್ಲ. ಲಕ್ಷಣ ನೋಡಿದರೆ ಶ್ವಾಸಕೋಶದ ಸೋಂಕು ಇರಬಹುದು. ‘ಎಸ್/ಒ’ ಎಂದರೆ ಮಗನಲ್ಲ, ‘ಇದನ್ನು ಸೂಚಿಸುತ್ತದೆ’ ಎಂದು. ‘ಎನ್‌ಎಡಿ’ಗೆ ‘ಅಸಹಜವಾದದ್ದೇನೂ ಕಂಡಿಲ್ಲ’ ಎಂಬುದು ಅಧಿಕೃತ ವ್ಯಾಖ್ಯಾನ. ‘ನೋಡಿಯೇ ಇಲ್ಲ’ ಎಂಬ ಪಾಷಂಡ ವ್ಯಾಖ್ಯಾನವೊಂದನ್ನು ಕಿರಿಯ ವೈದ್ಯರೇ ಕ್ಯಾಂಟೀನಿನಲ್ಲಿ ಪ್ರಚಾರ ಮಾಡುತ್ತಾರೆ.

3. ಭಾಷಾ ಪ್ರಕರಣ

ಚೀಟಿಯ ಉತ್ತರಾರ್ಧದಲ್ಲಿ ಭಾಷೆ ಏಕಾಏಕಿ ಲ್ಯಾಟಿನ್‌ಗೆ ತಿರುಗುತ್ತದೆ. ದಾವಣಗೆರೆಯ ಕಾರ್ಮಿಕನ ಕೆಮ್ಮಿಗೆ ರೋಮನ್ ಸಾಮ್ರಾಜ್ಯದ ಭಾಷೆ ಏಕೆ ಎಂಬ ಪ್ರಶ್ನೆ ಅಪ್ರಸ್ತುತ; ಪೂಜೆಯ ಮಂತ್ರ ಅರ್ಥವಾಗುತ್ತದೆಂದು ನಾವೇನೂ ಕೈ ಮುಗಿಯುವುದಿಲ್ಲವಲ್ಲ. ‘ಆರ್‌ಎಕ್ಸ್’ ಎಂದರೆ ‘ರೆಸಿಪೆ’, ತೆಗೆದುಕೋ ಎಂಬ ಆಜ್ಞೆ. ‘ಬಿಡಿ’ ಎಂದರೆ ದಿನಕ್ಕೆ ಎರಡು ಸಲ, ‘ಟಿಡಿಎಸ್’ ಮೂರು ಸಲ, ‘ಕ್ಯೂಐಡಿ’ ನಾಲ್ಕು ಸಲ. ‘ಎಸಿ’ ಊಟಕ್ಕೆ ಮುಂಚೆ, ‘ಪಿಸಿ’ ಊಟವಾದ ಮೇಲೆ, ‘ಎಚ್‌ಎಸ್’ ಮಲಗುವ ಹೊತ್ತಿಗೆ, ‘ಸ್ಟ್ಯಾಟ್’ ಈ ಕ್ಷಣ.

ಕನ್ನಡಿಗರ ಪಾಲಿಗೆ ಇವುಗಳಲ್ಲಿ ಅತ್ಯಂತ ಅಪಾಯಕಾರಿ ‘ಬಿಡಿ’. “ಬಿಪಿ ಮಾತ್ರೆ ಬಿಡಿ ಅಂತ ಡಾಕ್ಟ್ರೇ ಬರೆದಿದಾರಲ್ಲಪ್ಪ” ಎಂದು ಅಜ್ಜ ವಾದಿಸಿದರೆ ವ್ಯಾಕರಣ ಅವರ ಕಡೆಗೇ ಇದೆ. ಬ್ಯಾಂಕಿನಿಂದ ನಿವೃತ್ತರಾದವರಿಗೆ ಟಿಡಿಎಸ್ ಕಂಡರೆ ಮಾತ್ರೆಯಲ್ಲೂ ಶೇಕಡಾ ಹತ್ತು ಹಿಡಿದುಕೊಂಡರೋ ಎಂಬ ಗುಮಾನಿ, ‘ಒಡಿ’ ಕಂಡರೆ ಸಾಲದ ಭಯ. ಒಡಿಗೆ ‘ದಿನಕ್ಕೊಮ್ಮೆ’ ಎಂಬುದೇ ನಮ್ಮಲ್ಲಿ ರೂಢಿಯ ಅರ್ಥವಾದರೂ, ಲ್ಯಾಟಿನ್ ಪದ್ಧತಿಯ ಕಣ್ಣಿನ ವೈದ್ಯರಿಗೆ ಅದು ‘ಬಲಗಣ್ಣು’.

ಎಸ್‌ಒಎಸ್ ನೋಡಿ ಗಾಬರಿಯಾಗುವವರಿಗೊಂದು ಸಮಾಧಾನ. 1906ರ ಬರ್ಲಿನ್ ಸಮ್ಮೇಳನ ಹಡಗುಗಳಿಗೆಂದು ಒಪ್ಪಿದ ಎಸ್‌ಒಎಸ್ ಯಾವ ಪದಗಳ ಮೊಟಕೂ ಅಲ್ಲ, ತಂತಿಯಲ್ಲಿ ಸುಲಭವಾಗಿ ಗುರುತು ಸಿಗುವ ಸದ್ದು ಅಷ್ಟೆ. ಚೀಟಿಯ ಎಸ್‌ಒಎಸ್‌ಗೆ ಮಾತ್ರ ಅರ್ಥವಿದೆ: ‘ಬೇಕೆನಿಸಿದರೆ’. ಮುಳುಗುವವನ ಕೂಗಿಗೆ ಅರ್ಥವಿಲ್ಲ, ಮೈಕೈ ನೋವಿನ ಮಾತ್ರೆಗೆ ಇದೆ. ಭಾಷಾಶಾಸ್ತ್ರದ ವೈಚಿತ್ರ್ಯ.

4. ನಾನಾರ್ಥ ಪ್ರಕರಣ

ಕ್ಯಾಶುವಾಲಿಟಿಯಲ್ಲಿ ಬೈಕಿನಿಂದ ಬಿದ್ದವನನ್ನು ಮಲಗಿಸಿ ಡ್ಯೂಟಿ ಡಾಕ್ಟರು “ಇದು ಎಂಎಲ್‌ಸಿ ಆಗುತ್ತೆ” ಅಂದಾಗ, ಜೊತೆಗೆ ಬಂದ ಸೋದರಮಾವನ ಮುಖ ಅರಳುವುದು ಸಹಜ. “ಯಾವ ಕ್ಷೇತ್ರದಿಂದ ಸಾರ್? ಪದವೀಧರರದ್ದೋ, ಶಿಕ್ಷಕರದ್ದೋ?” ನಮ್ಮ ವಿಧಾನ ಪರಿಷತ್ತಿನಲ್ಲಿರುವುದು 75 ಸ್ಥಾನ, ಕ್ಯಾಶುವಾಲಿಟಿಯಲ್ಲಿ ಹುಟ್ಟುವ ಎಂಎಲ್‌ಸಿಗಳಿಗೆ ಮಿತಿಯಿಲ್ಲ. ಅಪಘಾತ, ವಿಷ, ಸುಟ್ಟಗಾಯ, ಹೊಡೆದಾಟದಂಥ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೇ ಎಂಎಲ್‌ಸಿ. ಇಲ್ಲಿ ಅಭ್ಯರ್ಥಿ ನಾಮಪತ್ರ ಸಲ್ಲಿಸಬೇಕಿಲ್ಲ, ಹೆಲ್ಮೆಟ್ ಮರೆತರೆ ಸಾಕು.

‘ಲಾಮಾ’ ಇನ್ನೂ ಗಹನ. “ಹನ್ನೆರಡನೇ ಬೆಡ್ಡು ಲಾಮಾ ಹೋದ್ರು ಡಾಕ್ಟ್ರೇ” ಎಂದು ಸಿಸ್ಟರ್ ಹೇಳಿದ್ದನ್ನು ಕೇಳಿದವರು ರೋಗಿ ಸಂನ್ಯಾಸ ಸ್ವೀಕರಿಸಿ ಬೈಲಕುಪ್ಪೆಯ ಬಸ್ಸು ಹತ್ತಿದನೆಂದು ಭಾವಿಸಬಾರದು. ವೈದ್ಯರ ಸಲಹೆ ಮೀರಿ ಸ್ವಂತ ಜವಾಬ್ದಾರಿಯ ಮೇಲೆ ಸಹಿ ಹಾಕಿ ಹೊರಟನೆಂದು ಅರ್ಥ. ಎರಡರಲ್ಲೂ ಲೌಕಿಕ ಬಂಧನದಿಂದ ಬಿಡುಗಡೆ ಇದೆ. ಒಂದರಲ್ಲಿ ಮಾತ್ರ ಮೊದಲು ಬಿಲ್ ಕೌಂಟರಿಗೆ ಹೋಗಬೇಕು.

5. ಸಂಖ್ಯಾ ಪ್ರಕರಣ

ಚೀಟಿಯ ಗಣಿತ ಶಾಲೆಯ ಗಣಿತವಲ್ಲ. 1-0-1 ಎಂಬಲ್ಲಿ ಕಳೆಯುವ ಲೆಕ್ಕವಿಲ್ಲ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 5/7 ಭಿನ್ನರಾಶಿಯಲ್ಲ, ಐದು ದಿನ. 2/52 ಎಂದರೆ ಎರಡು ವಾರ, 3/12 ಎಂದರೆ ಮೂರು ತಿಂಗಳು. ಬ್ರಿಟಿಷರು ಹೋದರೂ ಈ ಛೇದಗಳು ಉಳಿದವು.

ಇಲ್ಲಿಗೆ ಪ್ರಬಂಧದ ನಗು ಸ್ವಲ್ಪ ಹೊತ್ತು ನಿಲ್ಲಬೇಕು. ಇನ್ಸುಲಿನ್ ‘10 ಯೂನಿಟ್’ ಎನ್ನುವುದನ್ನು 10ರ ಪಕ್ಕ ಬರಿಯ ಇಂಗ್ಲಿಷಿನ ‘ಯು’ ಹಾಕಿ ಬರೆದರೆ, ಅವಸರದ ಕೈಬರಹದಲ್ಲಿ ಆ ‘ಯು’ ಬಾಯಿ ಮುಚ್ಚಿಕೊಂಡು ಸೊನ್ನೆಯಾಗುತ್ತದೆ. ಹತ್ತು ನೂರಾಗುತ್ತದೆ. 1.0 ಮಿಲಿಗ್ರಾಂ ಎಂದು ಬರೆದಲ್ಲಿ ಚುಕ್ಕೆ ಮಸುಕಾದರೆ 10, ಮುಂದೆ ಸೊನ್ನೆಯಿಲ್ಲದೆ .5 ಎಂದು ಬರೆದು ಚುಕ್ಕೆ ಅಳಿಸಿದರೆ 5. ‘ಎಂಎಸ್’ ಎಂದರೆ ಮಾರ್ಫಿನ್ ಸಲ್ಫೇಟೂ ಹೌದು, ಮೆಗ್ನೀಸಿಯಂ ಸಲ್ಫೇಟೂ ಹೌದು. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಹೊರಡಿಸಿದ ‘ಬಳಸಬಾರದ’ ಮೊಟಕುಗಳ ಪಟ್ಟಿಯಲ್ಲಿ ಇವೆಲ್ಲ ಇವೆ. ಪಾಠಾಂತರದಿಂದ ರಾಜವಂಶದ ಕಾಲನಿರ್ಣಯ ಕೆಟ್ಟರೆ ವಿಚಾರಸಂಕಿರಣ ನಡೆಯುತ್ತದೆ. ಇಲ್ಲಿ ಪಾಠಾಂತರವಾದರೆ ಸಕ್ಕರೆ ಇಳಿದು ರೋಗಿ ಬೆವರಿ ಕುಸಿಯುತ್ತಾನೆ.

6. ವ್ಯಾಖ್ಯಾನಕಾರರು

ಕಾಳಿದಾಸನಿಗೆ ಮಲ್ಲಿನಾಥನಿದ್ದಂತೆ ಪ್ರತಿ ವೈದ್ಯನಿಗೂ ಎದುರಿನ ಮೆಡಿಕಲ್ ಶಾಪಿನ ಹುಡುಗನಿದ್ದಾನೆ. ಅವನು ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿಯುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ, ಒಳಗೆ ಹೋಗುತ್ತಾನೆ. ಬರುವಾಗ ಕೈಯಲ್ಲಿ ಮೂರು ಸ್ಟ್ರಿಪ್ಪು. ಕತ್ತರಿಯಿಂದ ಹದಿನೈದನ್ನು ಎಣಿಸಿ ಕತ್ತರಿಸುತ್ತಾನೆ. ಕಂದು ಕವರಿನ ಮೇಲೆ ಬಾಲ್ ಪೆನ್ನಿನಿಂದ ‘ಬೆ. ಮ. ರಾ. 1’ ಎಂದು ಬರೆದು “ಊಟ ಆದ್ಮೇಲೆ ಅಜ್ಜಿ, ಮೂರೊತ್ತೂ” ಎನ್ನುತ್ತಾನೆ. ಎರಡು ಸಾವಿರ ವರ್ಷದ ಲ್ಯಾಟಿನ್ ನಾಲ್ಕು ಪದಗಳ ಕನ್ನಡಕ್ಕೆ ಇಳಿಯಿತು. ವ್ಯಾಖ್ಯಾನವೂ ಮೊಟಕಿನಲ್ಲೇ ಇರುವುದನ್ನು ಸೂಕ್ಷ್ಮಮತಿಗಳು ಗಮನಿಸಬೇಕು, ಸಂಕ್ಷೇಪ ಸಾಂಕ್ರಾಮಿಕ.

7. ಸಿದ್ಧಾಂತ

ಮೇಲಿನ ಸಾಕ್ಷ್ಯಗಳಿಂದ ‘ಅಕ್ಷರ ಸಂರಕ್ಷಣಾ ನಿಯಮ’ವನ್ನು ಮಂಡಿಸಬಹುದು: ಬರೆಯುವವನು ಉಳಿಸಿದ ಅಕ್ಷರಗಳು ನಾಶವಾಗುವುದಿಲ್ಲ, ಓದುವವನ ಖಾತೆಗೆ ಖರ್ಚಾಗಿ ಬೀಳುತ್ತವೆ.

ಪೂರ್ವಪಕ್ಷವನ್ನೂ ಕೇಳಬೇಕು. ಹೊರಗೆ ಟೋಕನ್ ಹಿಡಿದವರ ಸಾಲು ಗೇಟಿನವರೆಗಿದ್ದಾಗ ‘ದಿನಕ್ಕೆ ಮೂರು ಬಾರಿ ಆಹಾರದ ನಂತರ’ ಎಂದು ಬರೆಯುತ್ತ ಕೂತರೆ ಕೊನೆಯವನು ತಾನಾಗಿಯೇ ಗುಣವಾಗಿರುತ್ತಾನೆ ಅಥವಾ ಅಲ್ಲೇ ಬಿದ್ದಿರುತ್ತಾನೆ. ರಾತ್ರಿ ಪಾಳಿಯ ವೈದ್ಯರಿಂದ ಹಗಲು ಪಾಳಿಗೆ ಕೇಸು ದಾಟಿಸುವಾಗ ಮೊಟಕು ಬೇಕು. ಇಬ್ಬರೂ ಒಂದೇ ಗುರುಕುಲದವರು. ಅವರ ನಡುವೆ ಖರ್ಚು ಸಮನಾಗಿ ಹಂಚಿಹೋಗುತ್ತದೆ. ಮನೆಗೆ ಹೋಗುವ ಕಾಗದದಲ್ಲಿ ಮಾತ್ರ ಪೂರ್ತಿ ಖರ್ಚು, ಔಷಧಿಯ ಬಿಲ್ಲು ಕಟ್ಟಿದವರ ಮೇಲೆಯೇ ಬೀಳುತ್ತದೆ. ಆ ಕಾಗದದ ಓದುಗರು ಮಾತ್ರೆ ನುಂಗಿಸುವ ಸೊಸೆ, ಮಗಳು, ಮೊಮ್ಮಗ. ಗುರುಕುಲದ ಬಾಗಿಲು ಅವರು ಕಂಡಿಲ್ಲ.

ರಾಜಾಜ್ಞೆಯೂ ಇದೆ. ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿಯ ಪ್ರಕಾರ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. 2016ರ ತಿದ್ದುಪಡಿ ಔಷಧಿಗಳ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಿರಿ ಎಂದಿತು. ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆದರೂ ಟಿಡಿಎಸ್ ಟಿಡಿಎಸ್ಸೇ. ಆದ್ದರಿಂದ ಕೊನೆಯ ಉಪಾಯ ರೋಗಿಯ ಕಡೆಯವರದ್ದೇ: ಕುರ್ಚಿಯಿಂದ ಏಳುವ ಮುಂಚೆ “ಡಾಕ್ಟ್ರೇ, ಯಾವುದು ಯಾವಾಗ, ಎಷ್ಟು ದಿನ, ಒಂದ್ಸಲ ಬಾಯಲ್ಲಿ ಹೇಳ್ಬಿಡಿ” ಎನ್ನುವುದು. ಈ ‘ಬಿಡಿ’ಯನ್ನು ದಿನಕ್ಕೆ ಎರಡು ಸಲ ಹೇಳಿದರೂ ಅಡ್ಡಪರಿಣಾಮವಿಲ್ಲ.

8. ಶಾಪಾಶಯ

ಈ ಚೀಟಿಯಂ ಬಿಡಿಸಿ ಬರೆದ ವೈದ್ಯಂಗೆ ದೀರ್ಘಾಯುಷ್ಯಮಕ್ಕೆ. ಇನ್ಸುಲಿನ್ನಿನ ಲೆಕ್ಕದ ಪಕ್ಕದೊಳ್ ಬರಿಯ ‘ಯು’ ಬರೆದವಂ ಮುಂದಣ ಜನ್ಮದೊಳ್ ರೋಗಿಯ ಕಡೆಯವನಾಗಿ ಪುಟ್ಟಿ, ಆದಿತ್ಯವಾರದಿರುಳ್ ಪತ್ತು ಗಂಟೆಗೆ ತನ್ನ ಕೈಬರಹದ ಚೀಟಿಯನೆ ಪಿಡಿದು, ಬಾಗಿಲಿಕ್ಕಿದ ಒಂದು ಮೆಡಿಕಲ್ ಶಾಪಿನಿಂ ಬಾಗಿಲಿಕ್ಕಿದ ಇನ್ನೊಂದು ಮೆಡಿಕಲ್ ಶಾಪಿಗೆ ತಿರುಗುಗೆ. ಮಂಗಳ ಮಹಾಶ್ರೀ.