ವೈಫೈ-ನಿದಾನ ಮೀಮಾಂಸೆ

ಲಿನಕ್ಸ್ ಗಣಕದಲ್ಲಿ ವೈಫೈ ಕಾರ್ಡು ಇದೆಯೋ ಇಲ್ಲವೋ ಎಂಬ ಜಿಜ್ಞಾಸೆಯಲ್ಲಿ ಪ್ರತ್ಯಕ್ಷಕ್ಕೆ ಬೆಲೆಯಿಲ್ಲ. ಲ್ಯಾಪ್‌ಟಾಪಿನ ತಳ ಬಿಚ್ಚಿ ಕಾರ್ಡನ್ನು ಕೈಯಲ್ಲಿ ಹಿಡಿದು ತೋರಿಸಿದರೂ ಕರ್ನೆಲ್ಲು ಒಪ್ಪುವುದಿಲ್ಲ. ಆದ್ದರಿಂದ ಪ್ರಾಜ್ಞರು ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ ಎಂಬ ಶಬ್ದಪ್ರಮಾಣಕ್ಕೆ ಶರಣಾಗುತ್ತಾರೆ. ಅದು ಗೋತ್ರ ಹೇಳುತ್ತದೆ: ಬ್ರಾಡ್‌ಕಾಮ್ ವಂಶದವರದು 14ಇ4, ರಿಯಲ್‌ಟೆಕ್‌ನವರದು 10ಇಸಿ. ಇಂಟೆಲ್ ಸಂತತಿ 1978ರ ತಮ್ಮ ಮೂಲಪುರುಷ ಪ್ರೊಸೆಸರಿನ ಹೆಸರಾದ 8086 ಅನ್ನೇ ಗೋತ್ರ ಮಾಡಿಕೊಂಡಿದೆ. ಕುಲಾಭಿಮಾನ ಎಂದರೆ ಇದು. ಮದುವೆಯಲ್ಲಿ ಸಗೋತ್ರ ನಿಷಿದ್ಧ, ಕಾರ್ಡು-ಡ್ರೈವರುಗಳ ಸಂಬಂಧದಲ್ಲಿ ಸಗೋತ್ರವೇ ಕಡ್ಡಾಯ. ಆ ಸಾಲಿನ ಕೆಳಗೆ ಡ್ರೈವರಿನ ಹೆಸರು ಕಾಣದಿದ್ದರೆ, ಕಾಣದಿರುವುದೇ ಪ್ರಮಾಣ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಬೇರೆಯೇ ಪ್ರಮಾಣವೆಂದು ಎಣಿಸಿದ್ದು ಯಾಕೆಂದು ಈಗ ತಿಳಿಯಿತು.

ಇನ್ನು ಫರ್ಮ್‌ವೇರ್ ಪ್ರಕರಣ. ಬಹುಪಾಲು ಕಾರ್ಡುಗಳಿಗೆ ಕರೆಂಟು ಹೋದರೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ಗಣಕ ಎದ್ದಾಗಲೆಲ್ಲ ಡ್ರೈವರು ಡಿಸ್ಕಿನಿಂದ ಫರ್ಮ್‌ವೇರ್ ತಂದು ಮತ್ತೆ ಕಿವಿಯಲ್ಲಿ ಉಪದೇಶಿಸಬೇಕು; ನಿತ್ಯವೂ ಉಪನಯನ. ಆ ಕಡತ ಡಿಸ್ಕಿನಲ್ಲಿ ಇಲ್ಲದಿದ್ದರೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳಲು ವೈಫೈ ಬೇಕು. ವೈಫೈಗೆ ಆ ಕಡತ ಬೇಕು. ತಾರ್ಕಿಕರು ಇದಕ್ಕೆ ಅನ್ಯೋನ್ಯಾಶ್ರಯ ದೋಷ ಎಂದು ಹೆಸರಿಟ್ಟು ಕೈತೊಳೆದುಕೊಂಡರು. ಲೋಕವ್ಯವಹಾರದಲ್ಲಿ ಫೋನನ್ನು ಯುಎಸ್‌ಬಿ ಕೇಬಲ್ಲಿಗೆ ಸಿಕ್ಕಿಸಿ ಟೆದರಿಂಗ್ ಒತ್ತುವುದುಂಟು: ವೈರ್‌ಲೆಸ್ ಪ್ರಾಪ್ತಿಗೆ ವೈರೇ ಸಾಧನ. ಮುಕ್ತವಲ್ಲದ ಫರ್ಮ್‌ವೇರ್ ಮೈಲಿಗೆಯೆಂದು ಡೆಬಿಯನ್ ಸಂಪ್ರದಾಯದವರು ಅದನ್ನು ಅಧಿಕೃತ ಇನ್‌ಸ್ಟಾಲರಿನ ಹೊಸ್ತಿಲಾಚೆ ನಿಲ್ಲಿಸಿದ್ದರು. 2022ರಲ್ಲಿ ಮತ ಹಾಕಿ, 2023ರ 12ನೇ ಆವೃತ್ತಿಯಲ್ಲಿ ಒಳಗೆ ಕರೆದುಕೊಂಡರು. ಪ್ರಾಯಶ್ಚಿತ್ತ ವಿಧಿಸಿದರೋ ಇಲ್ಲವೋ!

ಬ್ರಾಡ್‌ಕಾಮ್ ಪರ್ವಕ್ಕೆ ಪ್ರತ್ಯೇಕ ಗ್ರಂಥವೇ ಬೇಕು. ಕಂಪನಿ ಮೊದಮೊದಲು ಕಾರ್ಡಿನ ಗುಟ್ಟು ಬಿಡಲಿಲ್ಲ. ಕೆಲವರು ಎನ್‌ಡಿಐಎಸ್‌ರ‍್ಯಾಪರ್ ಎಂಬ ಪರಕಾಯಪ್ರವೇಶ ವಿದ್ಯೆಯಿಂದ ವಿಂಡೋಸ್ ಡ್ರೈವರನ್ನೇ ಲಿನಕ್ಸಿನ ಒಡಲಿಗೆ ಇಳಿಸಿದರು. ಶುದ್ಧಮಾರ್ಗಿಗಳು ಬೇರೆ ದಾರಿ ಹಿಡಿದರು: ಒಂದು ತಂಡ ಕಂಪನಿಯ ಡ್ರೈವರನ್ನು ಬಿಚ್ಚಿ ಸೂತ್ರ ರಚಿಸಿತು, ಆ ಡ್ರೈವರಿನತ್ತ ಕಣ್ಣೆತ್ತಿಯೂ ನೋಡದ ಇನ್ನೊಂದು ತಂಡ ಸೂತ್ರಕ್ಕೆ ಭಾಷ್ಯವಾಗಿ ಕೋಡ್ ಬರೆಯಿತು. ಆ ಪರಂಪರೆಯ ಬಿ43, 2008ರಲ್ಲಿ 2.6.24ನೇ ಕರ್ನೆಲ್ಲಿನೊಳಗೆ ಪ್ರತಿಷ್ಠಾಪನೆಯಾಯಿತು. 2010ರಲ್ಲಿ ಕಂಪನಿಯೇ ಹೊಸ ಕಾರ್ಡುಗಳಿಗೆ ಮುಕ್ತ ಡ್ರೈವರು ಕೊಟ್ಟಿತು. ಅಷ್ಟರಲ್ಲಿ ಭಾಷ್ಯಕಾರರಿಗೆ ಕೆಲಸ ರೂಢಿಯಾಗಿತ್ತು.

ಪೂರ್ವಪಕ್ಷ: ವಿಂಡೋಸ್ ಹಾಕಿಕೊಂಡರೆ ಎಲ್ಲ ಮುಗಿಯಿತಲ್ಲ? ಸಿದ್ಧಾಂತ: ಹಾಗೆ ಮಾಡಿದರೆ ಪ್ರಕೃತ ಶಾಸ್ತ್ರವೇ ನಿರ್ವಿಷಯವಾಗುತ್ತದೆ, ಆದ್ದರಿಂದ ಅಗ್ರಾಹ್ಯ.

ಗೋತ್ರ ಕೂಡಿ, ಉಪದೇಶ ಮುಗಿದು, ಡ್ರೈವರು ಲೋಡಾಗಿಯೂ ಒಂದೇ ಒಂದು ನೆಟ್‌ವರ್ಕ್ ಕಾಣದಿದ್ದರೆ ಆರ್‌ಎಫ್‌ಕಿಲ್ ಲಿಸ್ಟ್ ಎಂದು ಪಠಿಸಬೇಕು. ಬಂಧನ ಎರಡು ವಿಧ, ಸಾಫ್ಟ್ ಮತ್ತು ಹಾರ್ಡ್. ಸಾಫ್ಟ್ ಬಂಧನ ಅನ್‌ಬ್ಲಾಕ್ ಮಂತ್ರಕ್ಕೆ ಸಡಿಲಗೊಳ್ಳುತ್ತದೆ. ಹಾರ್ಡ್ ಬಂಧನಕ್ಕೆ ಮಂತ್ರವಿಲ್ಲ. ಹಳೆಯ ಲ್ಯಾಪ್‌ಟಾಪಾದರೆ ಅಂಚಿನಲ್ಲಿ ಬೆರಳುಗುರಿನಷ್ಟು ಸ್ವಿಚ್ಚೊಂದು ಇರುತ್ತದೆ, ಚೀಲದೊಳಗೆ ಉಜ್ಜಿ ಆಫ್ ಆಗಿರುತ್ತದೆ, ಅದನ್ನು ಪಕ್ಕಕ್ಕೆ ಸರಿಸಬೇಕು. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂಬ ಆಕ್ಷೇಪ ಸಲ್ಲದು. ಶಾಸ್ತ್ರಕ್ರಮದಲ್ಲಿ ಅದರ ಸರದಿ ಕೊನೆಯ ಅಧ್ಯಾಯಕ್ಕೇ.